ಮಾವನಿಲ್ಲದ ಮನೆ

ನಂಬಿಕೆ ಎನ್ನುವುದು ಹಿರಿಯರಿಂದ ಬಂದದ್ದು, ಅದನ್ನು ನಾವು ಆರಿಸಿಕೊಂಡದ್ದಲ್ಲ ಎನ್ನುವವರನ್ನು ಕಂಡರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ಪಾಠವನ್ನೂ ಹೇಳಿಕೊಡುತ್ತಿರುವವಳು ನಾನು. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅರಿಶಿನ ಕುಂಕುಮಕ್ಕೆ ಹೋದ ಮನೆಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. "ನಮ್ಮದೇನಿದೆ ಟೀಚರ್, ಹಿಂದಿನಿಂದ ನಡ್ಕೊಂಡು ಬಂದಿದೆ, ನಾವೂ ನಡೆಸ್ಕೊಂಡು ಹೋಗ್ತೀವಿ" ಎನ್ನುತ್ತಾರೆ. ಹೀಗೆ ಹೇಳುವವರಲ್ಲಿ ಒಬ್ಬರಾದರೂ ಹಿಂದಿನಿಂದ ಬಂದದ್ದನ್ನೆಲ್ಲ ನಡೆಸಿಕೊಂಡು ಹೋಗುತ್ತಿಲ್ಲ. ಬೇಕಾದ್ದನ್ನು ಇಟ್ಟುಕೊಂಡಿದ್ದಾರೆ, ಬೇಡವಾದ್ದನ್ನು ಸದ್ದಿಲ್ಲದೆ ಹಿತ್ತಲಿಗೆ ಎಸೆದಿದ್ದಾರೆ. ಹಿರಿಯರು ಕನಸಿನಲ್ಲೂ ಕಾಣದ ಹೊಸದನ್ನು ತಂದು ಅದಕ್ಕೂ ಹಿರಿಯರ ಹೆಸರನ್ನೇ ಅಂಟಿಸಿದ್ದಾರೆ.

ಎಸೆದದ್ದನ್ನು ಮೊದಲು ನೋಡೋಣ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬುದು ಒಂದು ಕಾಲಕ್ಕೆ ಎಷ್ಟು ಗಟ್ಟಿ ನಂಬಿಕೆಯಾಗಿತ್ತೆಂದರೆ, 1888ರಲ್ಲಿ ಗಾಂಧೀಜಿ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟಾಗ ಅವರ ಜಾತಿಯವರು ಮುಂಬಯಿಯಲ್ಲಿ ಸಭೆ ಸೇರಿ ಬಹಿಷ್ಕಾರ ಹಾಕಿದರು. ಈಗ ಅಮೆರಿಕದಲ್ಲಿರುವ ಹುಡುಗನಿಗೆ ಹೆಣ್ಣು ಕೊಡಲು ನಾನು ಮುಂದು ತಾನು ಮುಂದು ಎಂದು ಬರುತ್ತಾರೆ. ನಮ್ಮ ಅಜ್ಜಿ ನಲ್ಲಿ ನೀರು ಮಡಿಗಾಗದು ಎಂದು ಕೊನೆಯವರೆಗೂ ಬಾವಿಯಿಂದಲೇ ಸೇದುತ್ತಿದ್ದರು. ಈಗ ದೇವರ ಅಭಿಷೇಕಕ್ಕೂ ಫಿಲ್ಟರ್ ನೀರು. ಹೋಟೆಲಿನ ಅನ್ನ ಮುಟ್ಟದವರ ಮೊಮ್ಮಕ್ಕಳು ಮೊಬೈಲಿನಲ್ಲಿ ಹೇಳಿ ಬಾಗಿಲಿಗೇ ಊಟ ತರಿಸಿಕೊಳ್ಳುತ್ತಾರೆ. ಇದಕ್ಕೆಲ್ಲ ಯಾರಾದರೂ ಜೋಯಿಸರನ್ನು ಕೇಳಿದರೇ? ಪ್ರಾಯಶ್ಚಿತ್ತ ಮಾಡಿಕೊಂಡರೇ? ಸಂಬಳ ಬಂತು, ಸೌಕರ್ಯ ಬಂತು, ನಂಬಿಕೆ ತಾನಾಗಿಯೇ ಸರಿದು ದಾರಿ ಬಿಟ್ಟಿತು. ಅದರಲ್ಲಿ ತಪ್ಪೇನೂ ಇಲ್ಲ, ಒಳ್ಳೆಯದೇ ಆಯಿತು. ಬಿಡಲು ಬರುತ್ತದೆ ಎಂಬುದು ಗೊತ್ತಾಯಿತಲ್ಲ, ಅಷ್ಟನ್ನು ನೆನಪಿಟ್ಟುಕೊಳ್ಳಿ.

ಇನ್ನು ಹೊಸದಾಗಿ ತಂದದ್ದು. ಅಕ್ಷಯ ತೃತೀಯವೆಂದರೆ ನನ್ನ ಬಾಲ್ಯದಲ್ಲಿ ದಾನದ ದಿನ. ಬೇಸಿಗೆಯ ನಡುವೆ ಬರುವ ಹಬ್ಬವಾದ್ದರಿಂದ ನೀರು ತುಂಬಿದ ಬಿಂದಿಗೆ, ಬೀಸಣಿಗೆ ಕೊಡುತ್ತಿದ್ದರು. ಬೀದಿಯಲ್ಲಿ ಹೋಗುವವರನ್ನು ಕರೆದು ಪಾನಕ ಕುಡಿಸುತ್ತಿದ್ದರು. ಕೊಡುವ ಹಬ್ಬ ಕೊಳ್ಳುವ ಹಬ್ಬವಾದದ್ದು ನಮ್ಮ ಕಣ್ಣೆದುರಿಗೇ, ಚಿನ್ನದಂಗಡಿಗಳ ಜಾಹೀರಾತಿನಿಂದ. ಅದೇ ದಿನ ಬಸವ ಜಯಂತಿ ಎಂಬುದು ಆ ಸಾಲಿನಲ್ಲಿ ನಿಂತ ಎಷ್ಟು ಜನಕ್ಕೆ ನೆನಪಿರುತ್ತದೋ! ವಾಸ್ತುವಿನದೂ ಇದೇ ಕತೆ. ದೇವಸ್ಥಾನ ಕಟ್ಟುವವರಿಗೆ ಶಿಲ್ಪಶಾಸ್ತ್ರವಿತ್ತು, ಮನೆ ಕಟ್ಟುವ ಮೇಸ್ತ್ರಿಗೆ ಆಯ ಪಾಯ ಗೊತ್ತಿತ್ತು, ನಿಜ. ಆದರೆ ಬಾಡಿಗೆ ವಠಾರದಲ್ಲಿ ಆರು ಮನೆಗೆ ಒಂದು ಬಚ್ಚಲು ಇಟ್ಟುಕೊಂಡು ಬದುಕಿದ ನಮ್ಮ ತಂದೆ ತಾಯಿ, ಈಶಾನ್ಯದಲ್ಲಿ ಕಕ್ಕಸು ಬಂದಿದೆ ಎಂದು ಹೊಸ ಗೋಡೆ ಒಡೆಸಿದ್ದನ್ನು ನಾನು ಕಾಣೆ. 1990ರ ನಂತರ ಬ್ಯಾಂಕಿನವರು ಮನೆ ಸಾಲ ಧಾರಾಳವಾಗಿ ಕೊಡಲು ಶುರು ಮಾಡಿದ ಮೇಲೆ ನಮ್ಮಂಥವರ ಮನೆಗೆ ವಾಸ್ತು ಬಂತು.

1995ರ ಸೆಪ್ಟೆಂಬರ್ 21 ನೆನಪಿರುವವರು ನೆನಪಿಸಿಕೊಳ್ಳಿ. ಗಣಪತಿ ಹಾಲು ಕುಡಿಯುತ್ತಾನೆ ಎಂದು ಬೆಳಿಗ್ಗೆ ಸುದ್ದಿ ಹಬ್ಬಿ, ಮಧ್ಯಾಹ್ನದ ಹೊತ್ತಿಗೆ ಊರೂರಿನ ದೇವಸ್ಥಾನಗಳ ಮುಂದೆ ಚೊಂಬು ಹಿಡಿದ ಸಾಲು. ನಾನು ಕೆಲಸಕ್ಕೆ ಸೇರಿದ ಹೊಸದು. ನಮ್ಮ ವಿಜ್ಞಾನದ ಮೇಷ್ಟರೇ ಅರ್ಧ ದಿನ ರಜೆ ಹಾಕಿ ಹೋದರು. ಚಮಚ ಓರೆ ಮಾಡಿ ಕಲ್ಲಿಗೆ ತಾಗಿಸಿದರೆ ಹಾಲು ಸಣ್ಣ ಪದರವಾಗಿ ಕೆಳಗೆ ಇಳಿಯುತ್ತದೆ ಎಂಬುದನ್ನು ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದರು. ಮೂರ್ತಿಯ ಮೈಮೇಲೆ ಬಣ್ಣ ಇಳಿದದ್ದು ಎಲ್ಲರಿಗೂ ಕಂಡಿತು. ಆ ನಂಬಿಕೆಗೆ ಎಷ್ಟು ವರ್ಷದ ಪರಂಪರೆಯಿತ್ತು? ಬೆಳಗಿನಿಂದ ಮಧ್ಯಾಹ್ನದವರೆಗೆ.

ಎಲ್ಲಕ್ಕಿಂತ ಹೊಸದು ಮುಹೂರ್ತದ ಹೆರಿಗೆ. ಹುಟ್ಟಿದ ಗಳಿಗೆ ಬ್ರಹ್ಮಲಿಖಿತ, ಅದರಿಂದ ಜೀವಮಾನವೆಲ್ಲ ನಿರ್ಧಾರವಾಗುತ್ತದೆ ಎಂದು ನಂಬುವವರೇ, ಸಿಜೇರಿಯನ್ ಹೇಗೂ ಆಗಬೇಕಲ್ಲ ಎಂದು ಜೋಯಿಸರಿಂದ ಒಳ್ಳೆಯ ಲಗ್ನ ಬರೆಸಿಕೊಂಡು ಡಾಕ್ಟರ ಕೈಗೆ ಚೀಟಿ ಕೊಡುತ್ತಾರೆ. ಬ್ರಹ್ಮ ಬರೆಯುವ ಮುಂಚೆ ಇವರೇ ಬರೆದುಕೊಟ್ಟ ಹಾಗಾಯಿತು. ಇದು ನಂಬಿಕೆಯೋ, ನಂಬಿಕೆಯ ಮೇಲಿನ ಅಪನಂಬಿಕೆಯೋ ನೀವೇ ಹೇಳಿ. ಚಾಕು ಇಳಿಯುವುದು ಮಾತ್ರ ಸೊಸೆಯ ಹೊಟ್ಟೆಗೆ.

ಆರಿಸಿಕೊಳ್ಳುತ್ತೇವೆ ಎಂಬುದು ಇಷ್ಟರಿಂದ ಖಚಿತವಾಯಿತು. ನನ್ನ ಜಗಳ ಆರಿಸುವುದರ ಮೇಲಲ್ಲ, ಆರಿಸುವ ರೀತಿಯ ಮೇಲೆ. ಗಂಡು ಮಕ್ಕಳ ಸಂಬಳಕ್ಕೆ, ಮನೆಯ ಆಸ್ತಿಗೆ, ಎಲ್ಲರ ಸುಖಕ್ಕೆ ಅಡ್ಡ ಬಂದ ನಂಬಿಕೆ ಬೇಗ ಉದುರಿ ಬೀಳುತ್ತದೆ. ಹೆಣ್ಣು ಮಗುವಿನ ಕುತ್ತಿಗೆಗೆ ಬಿದ್ದದ್ದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ವಿಧವೆಯರ ತಲೆ ಬೋಳಿಸುವುದು ನಿಂತಿದೆಯಲ್ಲ ಎನ್ನಬಹುದು. ನಿಂತಿದೆ. ಅದು ನಿಲ್ಲಲು ಎಷ್ಟು ಜನ, ಎಷ್ಟು ತಲೆಮಾರು ಬಡಿದಾಡಬೇಕಾಯಿತು! ಸಮುದ್ರ ದಾಟಲು ಯಾರೂ ಅಷ್ಟು ಬಡಿದಾಡಲಿಲ್ಲ.

ನಕ್ಷತ್ರದ ವಿಷಯಕ್ಕೆ ಬರುತ್ತೇನೆ. ಮೂಲಾ ನಕ್ಷತ್ರದ ಹುಡುಗಿ ಮಾವನಿಗಾಗದು, ಆಶ್ಲೇಷಾ ಅತ್ತೆಗಾಗದು, ಜ್ಯೇಷ್ಠಾ ಭಾವನಿಗಾಗದು, ವಿಶಾಖಾ ಮೈದುನನಿಗಾಗದು. ಇದು ನಿಮಗೆಲ್ಲ ಬಾಯಿಪಾಠ. ಈಗ ನನ್ನ ಜೊತೆ ಒಂದು ಲೆಕ್ಕ ಮಾಡಿ. ನಾನು ಬಿ.ಎ.ಯವಳು, ಲೆಕ್ಕದಲ್ಲಿ ಅಷ್ಟಕ್ಕಷ್ಟೆ, ಆದರೂ ಇದು ಕಷ್ಟದ್ದಲ್ಲ. ಚಂದ್ರ ಆಕಾಶವನ್ನು ಒಂದು ಸುತ್ತು ಬರಲು ಸುಮಾರು 27 ದಿನ, ದಾರಿಯಲ್ಲಿ 27 ನಕ್ಷತ್ರ, ದಿನಕ್ಕೆ ಒಂದು. 27ರಲ್ಲಿ ನಾಲ್ಕು ಕೆಟ್ಟವು. ಅಂದರೆ 54 ಹುಡುಗಿಯರಿರುವ ತರಗತಿಯಲ್ಲಿ ಎಂಟು ಮಂದಿ. ಹಾಜರಿ ಕರೆಯುವಾಗ ಆ ಎಂಟು ಹುಡುಗಿಯರು ಯಾರಿರಬಹುದು ಎಂದು ನಾನು ನೋಡಿದ್ದುಂಟು. ರಂಗೋಲಿಯಲ್ಲಿ ಬಹುಮಾನ ತಂದವಳೋ, ಖೋ ಖೋ ತಂಡದವಳೋ, ಹಿಂದಿನ ಬೆಂಚಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವವಳೋ. ಇನ್ನೂ ಮುಖ ಕಾಣದ, ಎಲ್ಲಿದ್ದಾನೋ ಗೊತ್ತಿಲ್ಲದ ಒಬ್ಬ ಅರವತ್ತು ವರ್ಷದ ಗಂಡಸಿನ ಸಾವಿಗೆ ಅವಳು ಈಗಲೇ ಹೊಣೆ.

ಅದೇ ದಿನ, ಅದೇ ಆಸ್ಪತ್ರೆಯಲ್ಲಿ, ಪಕ್ಕದ ಮಂಚದಲ್ಲಿ ಹುಟ್ಟಿದ ಗಂಡು ಮಗುವಿಗೆ? ಅವನಿಂದ ಹೆಣ್ಣು ಕೊಟ್ಟ ಮಾವ ಸಾಯುವುದಿಲ್ಲ, ಅತ್ತೆ ಸಾಯುವುದಿಲ್ಲ, ಭಾವಮೈದ ಸಾಯುವುದಿಲ್ಲ. ಗಂಡು ಮೂಲಾ ನಕ್ಷತ್ರದಲ್ಲಿ ಹುಟ್ಟಿದರೆ ಅರಸನಾಗಿ ಆಳುತ್ತಾನೆ, ಹೆಣ್ಣು ಹುಟ್ಟಿದರೆ ಮನೆ ನಿರ್ಮೂಲ ಎಂಬರ್ಥದ ಗಾದೆಯೇ ತಮಿಳಿನಲ್ಲಿದೆ. ಆಕಾಶದಲ್ಲಿರುವ ನಕ್ಷತ್ರಕ್ಕೆ ಕೆಳಗಿನ ತೊಟ್ಟಿಲಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಒಬ್ಬ ಜೋಯಿಸರನ್ನು ಕೇಳಿದೆ. "ತಾಯಿ, ಹಾಗೆಲ್ಲ ಕೇಳಬಾರದು" ಎಂದರು. ಒಳ್ಳೆಯವರು, ಸಿಟ್ಟಾಗಲಿಲ್ಲ.

ನನ್ನ ಕೈಯಲ್ಲಿ ಓದಿದ ಒಬ್ಬ ಹುಡುಗಿ ಬಿ.ಕಾಂ. ಮುಗಿಸಿ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ಈಗ ಮೂವತ್ತಮೂರು ವರ್ಷ. ಮೂಲಾ. ಇಪ್ಪತ್ತಮೂರನೆಯ ವಯಸ್ಸಿನಿಂದ ನೋಡುತ್ತಿದ್ದಾರೆ. ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಹೇಳಿ, ಜಾತಕ ಮಡಚಿಟ್ಟುಕೊಂಡು ಹೋಗುತ್ತಾರೆ. ಕೊನೆಕೊನೆಗೆ ಮದುವೆ ದಲ್ಲಾಳಿ ಒಂದು ಉಪಾಯ ಹೇಳಿದ, "ಮಾವನಿಲ್ಲದ ಮನೆ ನೋಡೋಣಮ್ಮ." ಅಂದಿನಿಂದ ಆ ತಾಯಿ ಹುಡುಗನ ಗುಣ ಕೇಳುವುದಿಲ್ಲ, ಕೆಲಸ ಕೇಳುವುದಿಲ್ಲ, ಮೊದಲು ಕೇಳುವುದು "ಹುಡುಗನ ತಂದೆ ಇದ್ದಾರಾ?" ಎಂದು. ಇಲ್ಲ ಎಂದರೆ ಮುಖ ಅರಳುತ್ತದೆ. ಯಾರದೋ ಮನೆಯ ಹೆಣ್ಣುಮಗಳು ವಿಧವೆಯಾಗಿದ್ದಾಳೆ ಎಂದು ಕೇಳಿ ಸಂತೋಷಪಡುವ ಸ್ಥಿತಿಗೆ ಒಬ್ಬ ಒಳ್ಳೆಯ ಹೆಂಗಸನ್ನು ತಂದು ನಿಲ್ಲಿಸಿದ ನಂಬಿಕೆಯನ್ನು ನಾನು ಏನೆಂದು ಕರೆಯಲಿ?

ಈಗ ಇನ್ನೊಂದು ಮನೆ. ಈ ಹುಡುಗಿಯನ್ನು ಮೂಲಾ ಎಂದು ಬಿಟ್ಟುಹೋದವರಲ್ಲೇ ಒಬ್ಬರು. ಎರಡು ವರ್ಷದ ಮೇಲೆ ಅವರ ಮಗ ಬೆಂಗಳೂರಿನ ತನ್ನ ಆಫೀಸಿನಲ್ಲೇ ಒಬ್ಬಳನ್ನು ಮೆಚ್ಚಿದ. ಅವಳಿಗೆ ಮಗನಿಗಿಂತ ಸಂಬಳ ಜಾಸ್ತಿ, ಒಂದು ಫ್ಲಾಟೂ ಇತ್ತು. ನಕ್ಷತ್ರ ಮೂಲಾ. ಮದುವೆಗೆ ನಾನೂ ಹೋಗಿದ್ದೆ. ಹುಡುಗನ ತಾಯಿ ನನ್ನ ಕೈ ಹಿಡಿದುಕೊಂಡು, "ಮೂಲಾ ನಾಲ್ಕನೇ ಪಾದಕ್ಕೆ ದೋಷ ಇಲ್ಲವಂತೆ ಟೀಚರ್" ಎಂದರು. ಹೌದು, ಶಾಸ್ತ್ರದಲ್ಲಿ ಹಾಗೊಂದು ವಿನಾಯಿತಿ ಇದೆ. ನಮ್ಮ ಹುಡುಗಿ ಎಷ್ಟನೇ ಪಾದ ಎಂದು ಇವರು ಅಂದು ಕೇಳಿದ್ದರೇ? ಅವರ ಯಜಮಾನರು ಅಲ್ಲೇ ಪಕ್ಕದಲ್ಲಿ ಬಿಪಿ, ಶುಗರ್ ಎರಡೂ ಇಟ್ಟುಕೊಂಡು ಮೂರನೇ ಸಲ ಜಹಂಗೀರು ಹಾಕಿಸಿಕೊಳ್ಳುತ್ತಿದ್ದರು.

ಕುಜದೋಷವನ್ನೂ ಹೀಗೇ ನೋಡಿ. ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿ ಕುಜನಿದ್ದರೆ ದೋಷ. ಕೆಲವರು ಒಂದನೇ ಮನೆಯನ್ನೂ ಸೇರಿಸುತ್ತಾರೆ. ಇರುವುದು ಹನ್ನೆರಡು ಮನೆ, ಕೆಟ್ಟವು ಐದೋ ಆರೋ. ಅಂದರೆ ಊರಿನ ಅರ್ಧದಷ್ಟು ಜನಕ್ಕೆ ದೋಷ! ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕು ಎನ್ನುವವರ ಮಾತು ಹಿಡಿದರಂತೂ ದೋಷವಿಲ್ಲದವರೇ ಅಲ್ಪಸಂಖ್ಯಾತರು. ಕುಜದೋಷದ ಹೆಣ್ಣಿನ ಗಂಡ ಬೇಗ ಸಾಯುವುದು ನಿಜವಾಗಿದ್ದರೆ ನಮ್ಮ ಬೀದಿಗಳಲ್ಲಿ ಗಂಡಸರು ಇಷ್ಟೊಂದು ಕಾಣಿಸುತ್ತಿರಲಿಲ್ಲ. ಆದರೂ ಹುಡುಗಿಗೆ ದೋಷವೆಂದಾಗ ಬಾಳೆಗಿಡಕ್ಕೆ ತಾಳಿ ಕಟ್ಟಿಸಿ ಗಿಡ ಕಡಿಯುತ್ತೇವೆ, ಶಾಂತಿ ಹೋಮಕ್ಕೆ ಸಾಲ ಮಾಡುತ್ತೇವೆ. ಕೆಲವು ತಾಯಂದಿರು ಇನ್ನೂ ಜಾಣರು, ಹುಟ್ಟಿದ ಗಳಿಗೆಯನ್ನೇ ಮುಕ್ಕಾಲು ಗಂಟೆ ಹಿಂದೆ ಸರಿಸಿ ಹೊಸ ಜಾತಕ ಬರೆಸುತ್ತಾರೆ. ಗೊತ್ತಿದ್ದೂ ಬರೆಯುವವರಿದ್ದಾರೆ, ಗೊತ್ತಿದ್ದೂ ನೋಡುವವರಿದ್ದಾರೆ.

"ಇದೆಲ್ಲ ಮನಸ್ಸಿನ ಸಮಾಧಾನಕ್ಕೆ ಟೀಚರ್, ಯಾರಿಗೇನು ನಷ್ಟ?" ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನಾನೇನು ದೇವರ ದೀಪ ಆರಿಸಿದವಳಲ್ಲ. ಸಂಜೆ ದೀಪ ಹಚ್ಚುತ್ತೇನೆ, ತುಳಸಿಗೆ ನೀರು ಹಾಕುತ್ತೇನೆ, ಗೌರಿ ಹಬ್ಬಕ್ಕೆ ಬಾಗಿನ ಕೊಡುತ್ತೇನೆ. ಆ ಎಣ್ಣೆಯ ಖರ್ಚು ನನ್ನದು. ನಾನು ಶನಿವಾರ ಒಪ್ಪತ್ತು ಮಾಡಿದರೆ ಹಸಿಯುವ ಹೊಟ್ಟೆ ನನ್ನದು. ರಾಹುಕಾಲದಲ್ಲಿ ಹೊರಡಬಾರದು ಎಂದು ನೀವು ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ಮನೆಯಲ್ಲೇ ಕೂತರೆ ನನ್ನದೇನೂ ತಕರಾರಿಲ್ಲ, ತಪ್ಪುವ ಬಸ್ಸು ನಿಮ್ಮದು. (ರಾಹು ಎಂಬ ಗ್ರಹವೇ ಆಕಾಶದಲ್ಲಿಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಒಂದು ಬಿಂದು ಅದು. ಇರಲಿ.) ನಂಬುವವರು ಒಬ್ಬರು, ದಂಡ ಕಟ್ಟುವವರು ಇನ್ನೊಬ್ಬರು ಆದಾಗ ಅದು ಸಮಾಧಾನವಲ್ಲ, ದಬ್ಬಾಳಿಕೆ. ಅತ್ತೆಯ ಸಮಾಧಾನಕ್ಕೆ ಸೊಸೆ, ತಾಯಿಯ ಸಮಾಧಾನಕ್ಕೆ ಮಗಳು ದಂಡ ಕಟ್ಟುತ್ತಿದ್ದಾರೆ.

2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟಿದ್ದರು. ಮಳೆ, ಗಾಳಿ, ಚಳಿ. ಕೂಸು ಉಳಿಯಲಿಲ್ಲ. ಪೇಪರಿನಲ್ಲಿ ಓದಿ ನಾವೆಲ್ಲ ಲೊಚಗುಟ್ಟಿದೆವು. ಪಾಪ, ಹಳ್ಳಿಯವರು, ತಿಳಿವಳಿಕೆಯಿಲ್ಲ ಎಂದೆವು. ನಮ್ಮ ಪಟ್ಟಣದ ತಿಳಿವಳಿಕೆಯನ್ನೂ ನೋಡಿ. ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಅಣ್ಣನ ಮದುವೆ ಎಂದರೆ ಹತ್ತನೇ ತರಗತಿಯ ಹುಡುಗಿಗೆ ಮುಟ್ಟು ಮುಂದೂಡುವ ಮಾತ್ರೆ ನುಂಗಿಸುತ್ತಾರೆ. ಡಾಕ್ಟರ ಚೀಟಿಯಿಲ್ಲ, ಏನಿಲ್ಲ, ಮೂಲೆಯ ಔಷಧಿ ಅಂಗಡಿಯಿಂದ ಅಪ್ಪನೋ ಅಣ್ಣನೋ ತಂದುಕೊಡುತ್ತಾನೆ. ಅದು ಹಾರ್ಮೋನಿನ ಮಾತ್ರೆ, ಪೆಪ್ಪರ್‌ಮೆಂಟ್ ಅಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಹೊಟ್ಟೆನೋವೆಂದು ಬೆಂಚಿನ ಮೇಲೆ ತಲೆಯಿಟ್ಟು ಮಲಗುವ ಹುಡುಗಿಯರನ್ನು ನೋಡುವುದು ನಾವು, ಟೀಚರುಗಳು. ಆ ಹಟ್ಟಿಯ ತಾಯಿಗೆ ಬೇರೆ ದಾರಿ ಗೊತ್ತಿರಲಿಲ್ಲ ಎನ್ನಬಹುದು. ಡಿಗ್ರಿ ಓದಿದ ತಾಯಿಗೆ ಏನೆನ್ನುವುದು?

ಸರ್ಕಾರ ನೋಡಿಕೊಳ್ಳಲಿ ಎನ್ನಬೇಡಿ. ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ನಮ್ಮ ರಾಜ್ಯದಲ್ಲಿ ಕಾಯ್ದೆ ಮಾಡಿದರು, 2020ರ ಜನವರಿಯಲ್ಲಿ ಅದು ಜಾರಿಗೂ ಬಂತು. ಮುಟ್ಟಾದವರನ್ನು, ಬಸುರಿಯರನ್ನು ಊರಾಚೆ ಇಡುವುದು ಅದರಲ್ಲಿ ಅಪರಾಧ. ಆದರೆ ಜ್ಯೋತಿಷ್ಯ, ವಾಸ್ತುವಿನ ಸಲಹೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಇಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಜಾತಕ ನೋಡಿದ್ದಕ್ಕೆ ಪೊಲೀಸರು ಮನೆಗೆ ಬರುವುದಾದರೆ ಆ ಊರಿನಲ್ಲಿ ನಾನೂ ಇರಲಾರೆ. ಇದಕ್ಕೂ ಹಿಂದೆ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ದೊಡ್ಡ ಧೈರ್ಯ ಅದು. ಆದರೆ ಆ ಸಮಿತಿ ನೋಡಲು ಹೊರಟದ್ದು ಬಾಬಾಗಳ ಪವಾಡಗಳನ್ನು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುವ ಪಂಚಾಂಗದ ಕ್ಯಾಲೆಂಡರನ್ನು ಯಾವ ಸಮಿತಿ ಬಂದು ಪರೀಕ್ಷಿಸೀತು? 1966ರಲ್ಲಿ ಕುವೆಂಪು ಅವರು ಮಗ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ, ಆಡಂಬರವಿಲ್ಲದೆ ಮಾಡಿ ತೋರಿಸಿದರು. ನಮ್ಮ ಊರಿನಲ್ಲಿ ಕುವೆಂಪು ನಗರವಿದೆ. ಅದರ ಎರಡನೇ ಅಡ್ಡರಸ್ತೆಯಲ್ಲಿ ಜಾತಕ ಹೊಂದಿಸಿಕೊಡುವ ಕಚೇರಿಯಿದೆ.

ಈ ಕಟ್ಟಳೆಗಳನ್ನು ಮನೆಯಲ್ಲಿ ಕಾಯುತ್ತಿರುವವರು ಯಾರು? ಗಂಡಸರಲ್ಲ. ಅವರಿಗೆ ತಿಥಿ ವಾರ ಗೊತ್ತಿಲ್ಲ, "ಅವಳನ್ನು ಕೇಳಿ" ಎಂದು ಒಳಗೆ ಕೈ ತೋರಿಸುತ್ತಾರೆ. ಕಾಯುವವರು ನಾವು ಹೆಂಗಸರು. ಏಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹೊಲ ಮಾರುವಾಗ ನಮ್ಮನ್ನು ಕೇಳಲಿಲ್ಲ, ಸಾಲ ತರುವಾಗ ಕೇಳಲಿಲ್ಲ, ಮಗ ಏನು ಓದಬೇಕು ಎಂಬುದಕ್ಕೂ ಕೇಳಲಿಲ್ಲ. ಮಡಿ, ಮುಹೂರ್ತ, ಒಳ್ಳೆ ದಿನ ಕೆಟ್ಟ ದಿನ ಎಂಬ ಒಂದು ಮೂಲೆಯಲ್ಲಿ ಮಾತ್ರ ನಮ್ಮ ಮಾತು ನಡೆಯುತ್ತಿತ್ತು. ನಮ್ಮ ಸೋದರತ್ತೆ ಒಬ್ಬರು, ಕುಡುಕ ಮೈದುನ ದುಡ್ಡು ಕೇಳಲು ಬಂದಾಗಲೆಲ್ಲ, "ಇವತ್ತು ಶುಕ್ರವಾರ ಕಣಪ್ಪ, ಲಕ್ಷ್ಮೀನ ಆಚೆ ಕಳಿಸಬಾರದು" ಎನ್ನುತ್ತಿದ್ದರು. ಶುಕ್ರವಾರವಲ್ಲದಿದ್ದರೆ ಮಂಗಳವಾರ, ಎರಡೂ ಅಲ್ಲದಿದ್ದರೆ ದೀಪ ಹಚ್ಚುವ ಹೊತ್ತು. ಗಂಡನ ಸಂಬಳವನ್ನು ಅವರು ಉಳಿಸಿದ್ದೇ ಹೀಗೆ. ಆಷಾಢದಲ್ಲಿ ತೌರಿಗೆ ಹೋಗುವ ಒಂದು ತಿಂಗಳು ಎಷ್ಟೋ ಹೊಸ ಸೊಸೆಯರಿಗೆ ಉಸಿರಾಡುವ ತಿಂಗಳಾಗಿತ್ತು. ಈ ಜಾಣತನಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಇದೇ ಆಯುಧವನ್ನು ಮೈದುನನ ಮೇಲಿಂದ ತಿರುಗಿಸಿ, ಇನ್ನೊಬ್ಬರ ಮನೆಯ ಹೆಣ್ಣುಮಗುವಿನ ಮೇಲೆ ಹಿಡಿಯುವುದಿದೆಯಲ್ಲ, ಅದನ್ನು ನಾನು ಒಪ್ಪಲಾರೆ. ಈಗ ನಮ್ಮ ಕೈಯಲ್ಲಿ ಸಂಬಳವಿದೆ, ಬ್ಯಾಂಕಿನ ಖಾತೆಯಿದೆ, ಓಟು ಇದೆ. ಬೇಡ ಎನ್ನಲು ಶುಕ್ರವಾರದ ಮರೆ ಬೇಕಿಲ್ಲ.

ನಷ್ಟ ಹುಡುಗಿಯರಿಗೆ ಮಾತ್ರವೆಂದೂ ತಿಳಿಯಬೇಡಿ. ಮದುವೆಗೆ ಮುಂಚೆ 36 ಗುಣ ನೋಡುತ್ತಾರೆ, 18 ಬಂದರೆ ಪಾಸು. ಎಸ್ಸೆಸ್ಸೆಲ್ಸಿಗಿಂತ ಕಠಿಣ! ವರ್ಣಕ್ಕೆ ಒಂದು, ವಶ್ಯಕ್ಕೆ ಎರಡು, ಹೀಗೆ ಏರುತ್ತಾ ಗಣಕ್ಕೆ ಆರು, ನಾಡಿಗೆ ಎಂಟು. ಹುಡುಗ ಕುಡಿಯುತ್ತಾನೆಯೇ ಎಂಬುದಕ್ಕೆ ಅದರಲ್ಲಿ ಒಂದು ಅಂಕವೂ ಇಲ್ಲ. ಸಾಲವೆಷ್ಟಿದೆ, ಕೈ ಎತ್ತುವ ಸ್ವಭಾವವೇ, ಹೆಂಡತಿ ಕೆಲಸಕ್ಕೆ ಹೋದರೆ ಅನ್ನ ಬಸಿಯಲು ಬರುತ್ತದೆಯೇ, ಯಾವುದಕ್ಕೂ ಅಂಕವಿಲ್ಲ. ಜಾತಕ ಕೂಡಿತು ಎಂದ ಕೂಡಲೇ ವಿಚಾರಣೆ ಮುಗಿಯಿತು. ಊರಿಗೆ ಹೋಗಿ ನಾಲ್ಕು ಜನರನ್ನು ಕೇಳುವ ಶ್ರಮವನ್ನು ನಾಡಿ, ಗಣ ಉಳಿಸಿಕೊಡುತ್ತವೆ. 30 ಗುಣ ಕೂಡಿ ಬಂದ ಮದುವೆಯಿಂದ ಎಂಟು ತಿಂಗಳಿಗೆ ಪೆಟ್ಟಿಗೆ ಹಿಡಿದು ಬಂದವರನ್ನು ನೀವೂ ನೋಡಿದ್ದೀರಿ. ಆಗ ಜಾತಕ ಬರೆದವರನ್ನು ಯಾರೂ ಕೇಳುವುದಿಲ್ಲ, "ಅವಳೇ ಸ್ವಲ್ಪ ಹೊಂದಿಕೊಂಡು ಹೋಗಬಹುದಿತ್ತು" ಎನ್ನುತ್ತಾರೆ.

ಟೀಚರೆಂದರೆ ಊರಿಗೆಲ್ಲ ಹೆಣ್ಣು ಗಂಡು ತೋರಿಸುವವಳು ಎಂದು ಕೆಲವರ ಲೆಕ್ಕ. ಮೊನ್ನೆ ಒಬ್ಬರು ಫೋನ್ ಮಾಡಿದ್ದರು. ಮಗನಿಗೆ ಮೂವತ್ತಾರು, ಸ್ವಂತ ಅಂಗಡಿ, ಒಳ್ಳೆಯ ಮನೆ. ಸಹಕಾರ ಸಂಘದಲ್ಲಿರುವ ನನ್ನ ಹುಡುಗಿಯನ್ನು ಯಾವುದೋ ಆರತಕ್ಷತೆಯಲ್ಲಿ ನೋಡಿ ಮೆಚ್ಚಿದ್ದರಂತೆ. "ನಕ್ಷತ್ರ ಯಾವುದು ಟೀಚರ್?" ಎಂದರು. ನನಗೆ ಗೊತ್ತು, ಹೇಳುವುದಿಲ್ಲ ಎಂದೆ. ಅವಳ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಏನಿತ್ತು ಹೇಳುತ್ತೇನೆ, ಅಪ್ಪನ ಆಪರೇಷನ್ನಿಗೆ ತನ್ನ ಬಳೆ ಒತ್ತೆಯಿಟ್ಟು ಬಿಡಿಸಿಕೊಂಡದ್ದು ಹೇಳುತ್ತೇನೆ, ಸಂಘದ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೆ ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಾಳೆ ಎಂಬುದು ಹೇಳುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ಅವರ ಯಜಮಾನರು ಕೆಮ್ಮುವುದು ಕೇಳಿಸುತ್ತಿತ್ತು. "ಅಮಾವಾಸ್ಯೆ ಕಳೀಲಿ ಟೀಚರ್, ಆಮೇಲೆ ಮಾತಾಡ್ತೀನಿ" ಎಂದು ಇಟ್ಟರು.